ಲ್ಯಾಂಪಾರ್ಡ್ ಗೋಲುಗಳೆಲ್ಲ ಪೆನಾಲ್ಟಿಯ ಪುಣ್ಯವೇ?

ಪ್ರಶ್ನೆ: ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಫ್ರಾಂಕ್ ಲ್ಯಾಂಪಾರ್ಡ್ ಗೋಲು ಹೊಡೆಯಲೆಂದೇ ಮುಂದೆ ನಿಲ್ಲುವ ಸ್ಟ್ರೈಕರ್ ಅಲ್ಲ, ಮೈದಾನದ ನಡುವೆ ಆಡುವ ಮಿಡ್‌ಫೀಲ್ಡರ್. ಆದರೂ ಲಂಡನ್ನಿನ ಚೆಲ್ಸಿ ಕ್ಲಬ್ ಪರ ಅತಿ ಹೆಚ್ಚು ಗೋಲು ಗಳಿಸಿದವರು ಅವರೇ ಎನ್ನುತ್ತಾರೆ. ಇದು ಹೇಗೆ ಸಾಧ್ಯವಾಯಿತು? ಗೋಲ್‌ಕೀಪರ್ ಒಬ್ಬರನ್ನೇ ಎದುರಿಗಿಟ್ಟುಕೊಂಡು ಹೊಡೆಯುವ ಪೆನಾಲ್ಟಿಗಳನ್ನು ಕಳೆದರೆ ಉಳಿಯುವುದೆಷ್ಟು?

ಉತ್ತರ: ಮೊದಲು ಲೆಕ್ಕವನ್ನೇ ನೋಡೋಣ. ಚೆಲ್ಸಿ ಪರ ಎಲ್ಲ ಟೂರ್ನಿಗಳೂ ಸೇರಿ 648 ಪಂದ್ಯಗಳಲ್ಲಿ ಲ್ಯಾಂಪಾರ್ಡ್ 211 ಗೋಲು ಗಳಿಸಿದ್ದಾರೆ. ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್ ಒಂದರಲ್ಲೇ ವೆಸ್ಟ್ ಹ್ಯಾಮ್ ಪರ 24, ಚೆಲ್ಸಿ ಪರ 147, ಮ್ಯಾಂಚೆಸ್ಟರ್ ಸಿಟಿ ಪರ 6, ಒಟ್ಟು 177. ಈ 177ರಲ್ಲಿ ಪೆನಾಲ್ಟಿಯಿಂದ ಬಂದದ್ದು 43, ಅಂದರೆ ನಾಲ್ಕರಲ್ಲಿ ಒಂದಕ್ಕಿಂತ ತುಸು ಕಡಿಮೆ. ಇದು ದೊಡ್ಡ ಪಾಲು ಎನಿಸಿದರೆ, ಅಪ್ಪಟ ಸ್ಟ್ರೈಕರ್ ಆಗಿದ್ದ ಅಲನ್ ಶಿಯರರ್ ಅವರ 260 ಲೀಗ್ ಗೋಲುಗಳಲ್ಲೂ 56 ಪೆನಾಲ್ಟಿಗಳೇ ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಪೆನಾಲ್ಟಿ ಹೊಡೆಯುವ ಹೊಣೆ ಹೊತ್ತವರ ಲೆಕ್ಕದಲ್ಲಿ ಅದು ಇದ್ದೇ ಇರುತ್ತದೆ.

ಉಳಿದ 134ರಲ್ಲಿ 41 ಗೋಲುಗಳು, ಗೋಲಿನ ಮುಂದೆ ಗೆರೆ ಎಳೆದು ಗುರುತಿಸಿದ ಪೆನಾಲ್ಟಿ ಆವರಣದ ಹೊರಗಿನಿಂದ ಸಿಡಿದವು. ಜನರ ನೆನಪಿನಲ್ಲಿ ಉಳಿದಿರುವುದೂ ಇವೇ. ಆದರೆ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರವಿರುವುದು ಇನ್ನುಳಿದ 93ರಲ್ಲಿ. ಪೆನಾಲ್ಟಿಯೂ ಅಲ್ಲದ, ದೂರದ ಹೊಡೆತವೂ ಅಲ್ಲದ ಈ ಗೋಲುಗಳು, ಸ್ಟ್ರೈಕರ್‌ಗಳು ಓಡಾಡುವ ಜಾಗದಲ್ಲೇ ಮಿಡ್‌ಫೀಲ್ಡರ್ ಒಬ್ಬರು ಗಳಿಸಿದವು.

ಬಡಿಸುವ ಹೊತ್ತಿಗೆ ಸರಿಯಾಗಿ ಪಂಕ್ತಿಗೆ ಬಂದು ಕೂರುವ ಕೆಲವರಿರುತ್ತಾರೆ. ಮೊದಲೇ ಬಂದು ಕಾಯುವುದಿಲ್ಲ, ತಡವಾಗಿ ಬಂದು ಎಲೆ ತಪ್ಪಿಸಿಕೊಳ್ಳುವುದೂ ಇಲ್ಲ. ಲ್ಯಾಂಪಾರ್ಡ್ ಪೆನಾಲ್ಟಿ ಆವರಣಕ್ಕೆ ಬರುತ್ತಿದ್ದುದು ಹೀಗೆಯೇ. ಚೆಂಡು ಮೈದಾನದ ಅಂಚಿನಲ್ಲಿದ್ದಾಗ ಎದುರಾಳಿ ಡಿಫೆಂಡರ್‌ಗಳ ಕಣ್ಣೆಲ್ಲ ದಿದಿಯೆ ದ್ರೋಗ್ಬಾ ಅವರಂಥ ಸ್ಟ್ರೈಕರ್ ಮೇಲಿರುತ್ತಿತ್ತು. ಹಿಂದಿನಿಂದ ಓಡಿ ಬರುವವರನ್ನು ಯಾರು ಹಿಡಿಯಬೇಕೆಂದು ಅವರು ತೀರ್ಮಾನಿಸುವಷ್ಟರಲ್ಲಿ ಲ್ಯಾಂಪಾರ್ಡ್ ಬಂದು ಹೊಡೆದಾಗಿರುತ್ತಿತ್ತು. ಅವರು ಮಹಾ ವೇಗದ ಓಟಗಾರರೇನಲ್ಲ. ಆದರೆ ಹತ್ತು ಸಲ ಓಡಿ ಒಂದೇ ಸಲ ಚೆಂಡು ಸಿಕ್ಕರೂ ಹನ್ನೊಂದನೆಯ ಸಲ ಅದೇ ಉತ್ಸಾಹದಲ್ಲಿ ಓಡುವ ಹಟ ಅವರಲ್ಲಿತ್ತು, ಮತ್ತು ನನ್ನ ಅಭಿಪ್ರಾಯದಲ್ಲಿ ಕಾಲ್ಚಳಕಕ್ಕಿಂತ ಅಪರೂಪದ ಗುಣ ಅದೇ.

ಇದಕ್ಕೆ ತಂಡದ ರಚನೆಯೂ ಒದಗಿ ಬಂತು. 2003ರಲ್ಲಿ ರಿಯಲ್ ಮ್ಯಾಡ್ರಿಡ್‌ನಿಂದ ಬಂದ ಕ್ಲಾಡ್ ಮ್ಯಾಕೆಲೆಲೆ ಡಿಫೆಂಡರ್‌ಗಳ ಮುಂದೆ ಕಾವಲು ನಿಂತರು. 2004ರಲ್ಲಿ ಬಂದ ತರಬೇತುದಾರ ಜೋಸೆ ಮೌರಿನ್ಯೊ ಮೂವರು ಮಿಡ್‌ಫೀಲ್ಡರ್‌ಗಳ ವ್ಯವಸ್ಥೆಯನ್ನು ನೆಲೆಗೊಳಿಸಿದರು. ಹಿಂದೆ ಮ್ಯಾಕೆಲೆಲೆ ಇದ್ದಾರೆಂಬ ಧೈರ್ಯವಿಲ್ಲದಿದ್ದರೆ ಲ್ಯಾಂಪಾರ್ಡ್ ಅಷ್ಟು ನಿಶ್ಚಿಂತೆಯಿಂದ ಮುಂದೆ ನುಗ್ಗುವುದು ಕಷ್ಟವಿತ್ತು. ಫಲ ಕಂಡದ್ದು 2005ರ ಏಪ್ರಿಲ್ 30ರಂದು, ಬೋಲ್ಟನ್‌ನಲ್ಲಿ. ಅಂದು ಗೆದ್ದರೆ 1955ರ ನಂತರ ಚೆಲ್ಸಿಗೆ ಮೊದಲ ಲೀಗ್ ಪ್ರಶಸ್ತಿ. ಚೆಲ್ಸಿ ಗೆದ್ದಿತು, ಎರಡೂ ಗೋಲು ಲ್ಯಾಂಪಾರ್ಡ್ ಅವರದು; ಎರಡನೆಯದಕ್ಕೆ ಅವರು ಒಬ್ಬರೇ ಚೆಂಡಿನೊಂದಿಗೆ ಓಡಿ, ಗೋಲ್‌ಕೀಪರ್‌ನನ್ನು ಸುತ್ತಿ ದಾಟಿ, ಖಾಲಿ ಗೋಲಿಗೆ ಚೆಂಡನ್ನು ತಳ್ಳಿದರು. ಅದೇ ತಿಂಗಳು ಜರ್ಮನಿಯ ಕ್ಲಬ್ ಬಯರ್ನ್ ಮ್ಯೂನಿಕ್ ಎದುರು, ಗೋಲಿಗೆ ಬೆನ್ನು ಮಾಡಿ ನಿಂತು, ಬದಿಯಿಂದ ಬಂದ ಕ್ರಾಸನ್ನು ಎದೆಯಲ್ಲಿ ತಡೆದು, ಗಿರಕ್ಕನೆ ತಿರುಗಿ, ಚೆಂಡು ನೆಲ ಮುಟ್ಟುವ ಮೊದಲೇ ಎಡಗಾಲಿನಿಂದ ಗೋಲ್‌ಕೀಪರ್ ಆಲಿವರ್ ಕಾನ್ ಅವರನ್ನು ದಾಟಿಸಿದ್ದರು. ಬಲಗಾಲಿನ ಆಟಗಾರರೆಂದೇ ಹೆಸರಾದವರ ಗೋಲು ಅದು. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿಯ ಆ ವರ್ಷದ ಮತದಾನದಲ್ಲಿ ಅವರಿಗಿಂತ ಮುಂದಿದ್ದವರು ರೊನಾಲ್ಡಿನ್ಯೊ ಒಬ್ಬರೇ.

ಇನ್ನೊಂದು ಕಾರಣ ಕೇಳಲು ಸಪ್ಪೆ, ಆದರೆ ಲೆಕ್ಕದಲ್ಲಿ ಅದರ ತೂಕ ದೊಡ್ಡದು: ಅವರು ಪಂದ್ಯ ತಪ್ಪಿಸಿಕೊಳ್ಳುತ್ತಿರಲಿಲ್ಲ. 2001ರ ಅಕ್ಟೋಬರ್‌ನಿಂದ 2005ರ ಡಿಸೆಂಬರ್‌ವರೆಗೆ ಸತತ 164 ಪ್ರೀಮಿಯರ್ ಲೀಗ್ ಪಂದ್ಯಗಳಲ್ಲಿ ಆಡಿದರು. 2003-04ರಿಂದ 2012-13ರವರೆಗಿನ ಹತ್ತು ಋತುಗಳಲ್ಲಿ ಒಂದರಲ್ಲೂ ಅವರ ಲೀಗ್ ಗೋಲುಗಳು ಹತ್ತಕ್ಕಿಂತ ಕೆಳಗಿಳಿಯಲಿಲ್ಲ. ತರಬೇತುದಾರ ಕಾರ್ಲೊ ಆನ್ಸೆಲೊಟ್ಟಿ ಅವರ ಕೈಕೆಳಗೆ 2009-10ರಲ್ಲಿ 22ಕ್ಕೇರಿತು. 2013ರ ಮೇ 11ರಂದು ಆಸ್ಟನ್ ವಿಲ್ಲಾ ಎದುರು ಎರಡು ಗೋಲು ಹೊಡೆದು, ಬಾಬಿ ಟ್ಯಾಂಬ್ಲಿಂಗ್ ಹೆಸರಿನಲ್ಲಿ ದಶಕಗಳಿಂದ ಇದ್ದ 202 ಗೋಲುಗಳ ಕ್ಲಬ್ ದಾಖಲೆಯನ್ನು ದಾಟಿದರು.

ಇಷ್ಟೆಲ್ಲ ಆಗುತ್ತದೆಂದು ಆರಂಭದಲ್ಲಿ ನಂಬಿದವರು ಕಡಿಮೆ. ಆಟ ಶುರುಮಾಡಿದ ವೆಸ್ಟ್ ಹ್ಯಾಮ್‌ನಲ್ಲಿ ಅವರ ತಂದೆ ಹಿಂದಿನ ಹೆಸರಾಂತ ಆಟಗಾರ, ಸಂಬಂಧಿ ಹ್ಯಾರಿ ರೆಡ್‌ನ್ಯಾಪ್ ತಂಡದ ವ್ಯವಸ್ಥಾಪಕ. ಹಾಗಾಗಿ ಹುಡುಗನಿಗೆ ಜಾಗ ಸಿಕ್ಕಿದ್ದು ನೆಂಟಸ್ತನದಿಂದ ಎಂದು ಸ್ವಂತ ಅಭಿಮಾನಿಗಳೇ ಗೊಣಗುತ್ತಿದ್ದರು. 2001ರಲ್ಲಿ ಚೆಲ್ಸಿ 1.1 ಕೋಟಿ ಪೌಂಡ್ ತೆತ್ತಾಗಲೂ ಹುಬ್ಬೇರಿಸಿದವರಿದ್ದರು. ಅಭ್ಯಾಸ ಮುಗಿದು ಉಳಿದವರು ಹೊರಟ ಮೇಲೂ ಚೆಂಡುಗಳ ಚೀಲ ಇಟ್ಟುಕೊಂಡು ಗೋಲಿಗೆ ಹೊಡೆಯುತ್ತ ನಿಲ್ಲುವ ಅವರ ರೂಢಿಗೆ ಈ ಗೊಣಗಾಟವೂ ಕಾರಣವಾಗಿರಬಹುದು.

ಕೊನೆಗೆ, ನೀವು ಲೆಕ್ಕ ಕೇಳಿದ್ದರಿಂದ, ಲೆಕ್ಕಕ್ಕೆ ಬಾರದ ಒಂದನ್ನೂ ಹೇಳಬೇಕು. ಇಂಗ್ಲೆಂಡ್ ಪರ ಅವರದು 106 ಪಂದ್ಯ, 29 ಗೋಲು. 2010ರ ಜೂನ್ 27ರಂದು ಬ್ಲೂಮ್‌ಫಾಂಟೇನ್‌ನಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಜರ್ಮನಿ 2-1ರಿಂದ ಮುಂದಿತ್ತು. ಲ್ಯಾಂಪಾರ್ಡ್ ಎಂದಿನಂತೆ ಆವರಣದ ಹೊರಗಿನಿಂದ ಹೊಡೆದ ಚೆಂಡು ಜರ್ಮನಿಯ ಗೋಲ್‌ಕೀಪರ್ ಮ್ಯಾನುಯೆಲ್ ನಾಯರ್ ತಲೆಯ ಮೇಲಿಂದ ಹಾರಿ, ಅಡ್ಡಪಟ್ಟಿಗೆ ಬಡಿದು, ಗೆರೆಯ ಒಳಗೆ ಸ್ಪಷ್ಟವಾಗಿ ಬಿದ್ದು ಹೊರಕ್ಕೆ ಪುಟಿಯಿತು. ರೆಫರಿಗಳಿಗೆ ಅದು ಕಾಣಲಿಲ್ಲ. ಇಂಗ್ಲೆಂಡ್ 4-1ರಿಂದ ಸೋತಿತು. ಎರಡು ವರ್ಷಗಳ ನಂತರ, 2012ರ ಜುಲೈನಲ್ಲಿ, ಚೆಂಡು ಗೆರೆ ದಾಟಿತೇ ಎಂದು ಯಂತ್ರದಿಂದ ತಿಳಿಯುವ ಗೋಲ್‌ಲೈನ್ ತಂತ್ರಜ್ಞಾನಕ್ಕೆ ಅನುಮತಿ ದೊರೆಯಿತು. ಲ್ಯಾಂಪಾರ್ಡ್ ಅವರ ಲೆಕ್ಕದಲ್ಲಿ ಮಾತ್ರ ಇಂದಿಗೂ 29 ಎಂದೇ ಇದೆ.