‘ಏನೂ ಮಾಡಲ್ಲ’ ಅಂದವರ ನಾಯಿ ಕಚ್ಚಿದಾಗ

ಪ್ರಶ್ನೆ: ದಿನಾ ಬೆಳಿಗ್ಗೆ ನಮ್ಮ ಬಡಾವಣೆಯ ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತೇನೆ. ಕಳೆದ ವಾರ ಎದುರಿಗೆ ಬಂದ ಸಾಕುನಾಯಿಯೊಂದು ಮೀನಖಂಡಕ್ಕೆ ಬಾಯಿ ಹಾಕಿತು. ಎರಡು ಹಲ್ಲಿನ ಗುರುತು, ಒಂದು ಹನಿ ರಕ್ತ, ಅಷ್ಟೇ. ನಾಯಿಯವರು “ಎಲ್ಲಾ ವ್ಯಾಕ್ಸಿನ್ ಆಗಿದೆ ಸರ್, ಏನೂ ಆಗಲ್ಲ” ಅಂದರು. ಆದರೂ ನಾನು ಇಂಜೆಕ್ಷನ್ ತಗೊಳ್ಳಲೇಬೇಕಾ? ಇನ್ನು ಪಾರ್ಕಿಗೆ ಹೋಗುವುದನ್ನೇ ಬಿಡಬೇಕಾ?

ಉತ್ತರ: ತಗೊಳ್ಳಲೇಬೇಕು. ಒಂದು ವಾರ ಕಳೆದಿದೆ ಅಂತೀರಿ. ಇನ್ನೂ ಶುರು ಮಾಡಿಲ್ಲವಾದರೆ ಮೊದಲು ಆಸ್ಪತ್ರೆಗೆ ಹೋಗಿ, ಇದನ್ನು ಸರದಿಯಲ್ಲಿ ಕೂತು ಓದಿದರಾಯಿತು. ತಡವಾಯಿತಲ್ಲ, ಇನ್ನೇನು ಪ್ರಯೋಜನ ಅಂತ ಬಿಡುವ ವಿಷಯವಲ್ಲ ಇದು. ರೇಬಿಸ್ ವೈರಸ್ ನರದ ಗುಂಟ ನಿಧಾನವಾಗಿ ಮಿದುಳಿನ ಕಡೆ ಸಾಗುತ್ತದೆ. ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ, ಕೆಲವರಲ್ಲಿ ಒಂದು ವಾರ, ಅಪರೂಪಕ್ಕೆ ವರ್ಷದ ಮೇಲೆ. ಲಸಿಕೆ ಕೆಲಸ ಮಾಡುವುದು ಈ ನಡುವಿನ ಸಮಯದಲ್ಲಿ. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ನಾಯಿ ಸಾಕಿದವರ ಬಾಯಲ್ಲಿ ಎರಡು ಮಾತು ಸದಾ ಸಿದ್ಧವಿರುತ್ತವೆ. ಕಚ್ಚುವ ಮುಂಚೆ ‘ಏನೂ ಮಾಡಲ್ಲ’, ಕಚ್ಚಿದ ಮೇಲೆ ‘ಏನೂ ಆಗಲ್ಲ’. ಎರಡರಲ್ಲೂ ಕೆಟ್ಟ ಉದ್ದೇಶ ಇರುವುದಿಲ್ಲ ಅನ್ನುವುದು ನನಗೆ ಗೊತ್ತು, ನಮ್ಮ ಮನೆಯಲ್ಲೂ ಹನ್ನೊಂದು ವರ್ಷ ಒಂದು ಮುಧೋಳ ಇತ್ತು. ಆದರೆ ಮೂರು ವರ್ಷದ ಹಿಂದೆ ನನಗೂ ನಿಮ್ಮ ಹಾಗೇ ಆಯಿತು. ನಾಯಿಯವರು ಅದೇ ಮಾತು ಹೇಳಿದರು. ನಾನು ಕಾರ್ಡ್ ಕೇಳಿದೆ. ಸಂಜೆ ಫೋಟೊ ಕಳಿಸಿದರು. ‘ಮುಂದಿನ ಡೋಸ್’ ಅನ್ನುವ ಕಾಲಮ್ಮಿನಲ್ಲಿದ್ದ ತಾರೀಖು ದಾಟಿ ಏಳು ತಿಂಗಳಾಗಿತ್ತು. ಅವರು ಸುಳ್ಳು ಹೇಳಿರಲಿಲ್ಲ, ಮರೆತಿದ್ದರು. ಪಾಪ, ಆ ಫೋಟೊ ನೋಡುವವರೆಗೆ ಅವರಿಗೂ ಅದು ಗೊತ್ತಿರಲಿಲ್ಲ.

ಕಾರ್ಡ್ ಸರಿಯಾಗಿದ್ದರೂ ಲೆಕ್ಕ ಬದಲಾಗುವುದಿಲ್ಲ. ನಾಯಿಗೆ ಲಸಿಕೆ ಆಗಿದೆ ಅನ್ನುವ ಕಾರಣಕ್ಕೆ ಮನುಷ್ಯರ ಚಿಕಿತ್ಸೆ ತಡೆಹಿಡಿಯಬಾರದು ಅನ್ನುವುದೇ ನಮ್ಮ ದೇಶದ ವೈದ್ಯರು ಅನುಸರಿಸುವ ನಿಯಮ. ಅದರ ಜೊತೆಗೇ ಹತ್ತು ದಿನ ಆ ನಾಯಿಯ ಮೇಲೆ ಕಣ್ಣಿಡಬೇಕು. ಹತ್ತೇ ಯಾಕೆ? ರೇಬಿಸ್ ತಗುಲಿದ ನಾಯಿಯ ಜೊಲ್ಲಿನಲ್ಲಿ ವೈರಸ್ ಬರುವುದು ಅದಕ್ಕೆ ಲಕ್ಷಣ ಕಾಣಿಸುವ ಕೆಲವೇ ದಿನ ಮುಂಚೆ. ಕಚ್ಚಿದ ದಿನ ಜೊಲ್ಲಿನಲ್ಲಿ ವೈರಸ್ ಇದ್ದಿದ್ದರೆ ಹತ್ತು ದಿನದೊಳಗೆ ನಾಯಿ ಕಾಯಿಲೆ ಬೀಳುತ್ತದೆ ಅಥವಾ ಸಾಯುತ್ತದೆ. ಹತ್ತನೇ ದಿನವೂ ಗಟ್ಟಿಮುಟ್ಟಾಗಿ ಬಾಲ ಅಲ್ಲಾಡಿಸಿಕೊಂಡಿದ್ದರೆ ಆ ಕಡಿತದಿಂದ ನಿಮಗೆ ರೇಬಿಸ್ ಬಂದಿಲ್ಲ. ಈ ಲೆಕ್ಕ ನಾಯಿ, ಬೆಕ್ಕಿಗೆ ಮಾತ್ರ. ಕೋತಿಗೋ ಮುಂಗುಸಿಗೋ ಅನ್ವಯಿಸಬೇಡಿ. ಹತ್ತು ದಿನ ಕಾದು ಆಮೇಲೆ ಇಂಜೆಕ್ಷನ್ ನೋಡೋಣ ಅನ್ನುವುದು ಮಾತ್ರ ಸಲ್ಲ. ಮೊದಲು ಶುರು ಮಾಡುವುದು, ಕೊನೆಯ ಡೋಸಿನ ವಿಷಯ ಹತ್ತನೇ ದಿನದ ಮೇಲೆ ವೈದ್ಯರನ್ನು ಕೇಳುವುದು.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡಿದ್ದು ಆ ‘ಒಂದು ಹನಿ ರಕ್ತ’. ಕಡಿತವನ್ನು ಮೂರು ದರ್ಜೆಯಾಗಿ ನೋಡುತ್ತಾರೆ. ಗಾಯವಿಲ್ಲದ ಚರ್ಮ ನೆಕ್ಕಿದರೆ ಒಂದನೇ ದರ್ಜೆ, ತೊಳೆದುಕೊಂಡರೆ ಸಾಕು. ರಕ್ತ ಬಾರದ ಪರಚು, ಸಣ್ಣ ಕಚ್ಚು ಎರಡನೆಯದು, ಅದಕ್ಕೆ ಲಸಿಕೆ ಬೇಕು. ಹಲ್ಲು ಚರ್ಮ ದಾಟಿ ರಕ್ತ ಬಂದರೆ, ಗಾಯದ ಮೇಲೋ ಬಾಯಿ, ಕಣ್ಣಿಗೋ ಜೊಲ್ಲು ತಾಗಿದರೆ ಮೂರನೆಯದು. ಹನಿಯೇ ಇರಲಿ, ಬೊಗಸೆಯೇ ಇರಲಿ, ದರ್ಜೆ ಅದೇ. ಅದಕ್ಕೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಲಸಿಕೆ ನಿಮ್ಮ ಮೈಯಿಂದಲೇ ಪ್ರತಿಕಾಯ ಮಾಡಿಸುತ್ತದೆ, ಅದಕ್ಕೆ ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಗಾಯದ ಬಾಗಿಲು ಕಾಯಲು ಹೊರಗಿನಿಂದ ತಯಾರಾಗಿ ಬಂದ ಪ್ರತಿಕಾಯ ಇದು. ತೂಕ ನೋಡಿ ಪ್ರಮಾಣ ಹಾಕಿ, ಗಾಯದೊಳಗೆ ಮತ್ತು ಸುತ್ತ ಚುಚ್ಚುತ್ತಾರೆ. ನೋಯುತ್ತದೆ, ಸುಳ್ಳು ಹೇಳುವುದಿಲ್ಲ. ಮೊದಲ ಡೋಸ್ ಲಸಿಕೆ ಬಿದ್ದು ಏಳು ದಿನ ದಾಟಿದ ಮೇಲೆ ಇದನ್ನು ಕೊಡುವುದಿಲ್ಲ. ನನಗೆ ಮೊದಲು ಹೋದ ಕ್ಲಿನಿಕ್ಕಿನಲ್ಲಿ ಬರೀ ಟಿ.ಟಿ. ಚುಚ್ಚಿ ಕಳಿಸಿದ್ದರು. ಟಿ.ಟಿ. ಧನುರ್ವಾಯುವಿಗೆ. ಅದೂ ಬೇಕು, ಆದರೆ ರೇಬಿಸ್‌ಗೂ ಅದಕ್ಕೂ ಸಂಬಂಧವಿಲ್ಲ. ಆದ್ದರಿಂದ ‘ಇದು ಮೂರನೇ ದರ್ಜೆ ಅಲ್ಲವಾ ಡಾಕ್ಟ್ರೇ?’ ಅಂತ ನೀವೇ ಬಾಯಿಬಿಟ್ಟು ಕೇಳಿ.

‘ಹೊಕ್ಕುಳ ಸುತ್ತ ಹದಿನಾಲ್ಕು’ ಅನ್ನುವ ಭಯ ಇನ್ನೂ ಕೆಲವರಿಗಿದೆ. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಹಳೇ ಲಸಿಕೆಯ ತಯಾರಿಕೆ ನಮ್ಮಲ್ಲಿ 2004ರ ಕೊನೆಗೇ ನಿಂತಿದೆ. ಈಗ ತೋಳಿಗೆ. ಚರ್ಮದ ಪದರದೊಳಗೆ ಕೊಡುವ ಕ್ರಮದಲ್ಲಿ 0, 3, 7 ಮತ್ತು 28ನೇ ದಿನ, ಎರಡೂ ತೋಳಿಗೆ ಒಂದೊಂದು ಚುಚ್ಚು. ಸ್ನಾಯುವಿಗೆ ಕೊಡುವುದಾದರೆ ನಡುವೆ 14ನೇ ದಿನವೂ ಒಂದು ಸೇರಿ ಐದು. ಕುಂಡೆಗೆ ಕೊಡುವಂತಿಲ್ಲ. ‘0ನೇ ದಿನ’ ಅಂದರೆ ಮೊದಲ ಚುಚ್ಚು ಬಿದ್ದ ದಿನ, ಕಚ್ಚಿದ ದಿನವಲ್ಲ.

ಇದೆಲ್ಲಕ್ಕೂ ಮುಂಚಿನ ಕೆಲಸವೊಂದಿದೆ. ನೀವು ಮಾಡಿದಿರೋ ಇಲ್ಲವೋ ಬರೆದಿಲ್ಲ, ಮುಂದಕ್ಕಾದರೂ ಇರಲಿ: ನಲ್ಲಿ ನೀರು, ಸೋಪು, ಹದಿನೈದು ನಿಮಿಷ. ನಾನು ಪಾರ್ಕಿನ ಗಿಡಗಳಿಗೆ ನೀರು ಬಿಡುವ ನಲ್ಲಿಯ ಕೆಳಗೇ ಪ್ಯಾಂಟು ಮಂಡಿಗೆ ಮಡಚಿ ಕಾಲಿಟ್ಟು ನಿಂತೆ. ಮಾಲಿ ತನ್ನ ಶೆಡ್ಡಿನಿಂದ ಬಟ್ಟೆ ಸೋಪಿನ ಒಂದು ತುಂಡು ತಂದುಕೊಟ್ಟ. ಐದು ನಿಮಿಷಕ್ಕೇ ಯುಗ ಕಳೆದ ಹಾಗಾಗುತ್ತದೆ, ಗಡಿಯಾರ ನೋಡದಿದ್ದರೆ ಯಾರೂ ಹದಿನೈದು ಮುಟ್ಟುವುದಿಲ್ಲ. ಈ ವೈರಸ್ಸಿನ ಹೊರಕವಚ ಕೊಬ್ಬಿನದು, ಸೋಪು ಅದನ್ನು ಒಡೆಯುತ್ತದೆ. ಎಷ್ಟೋ ವೈರಸ್ ಅಲ್ಲೇ ಸತ್ತು ನೀರಿನ ಜೊತೆ ಹೋಗುತ್ತದೆ. ಅರಿಶಿನ, ಸುಣ್ಣ, ಖಾರದ ಪುಡಿ, ಕಾಫಿಪುಡಿ ಯಾವುದನ್ನೂ ಮೆತ್ತಬೇಡಿ. ಪ್ಯಾಂಟು ಹರಿದಿಲ್ಲ ಅಂತಲೂ ನಂಬಬೇಡಿ, ಬಟ್ಟೆ ಹರಿಯದೆಯೂ ಹಲ್ಲು ಒಳಗೆ ಇಳಿದಿರುತ್ತದೆ.

ಇನ್ನು ಪಾರ್ಕಿನ ವಿಷಯ. ಬಿಡಬೇಡಿ. 2023ರಲ್ಲಿ ಆಗಿನ ಬಿಬಿಎಂಪಿ ಮಾಡಿದ ಸಮೀಕ್ಷೆಯ ಅಂದಾಜಿನಲ್ಲಿ ಬೆಂಗಳೂರಿನ ಬೀದಿನಾಯಿಗಳೇ ಸುಮಾರು 2.79 ಲಕ್ಷ; ಪಾರ್ಕು ಬಿಟ್ಟು ರಸ್ತೆಗೆ ಬಂದರೆ ಅಲ್ಲೂ ಅವೇ. ಪಾರ್ಕಿನ ವಾಕಿಂಗ್ ದಾರಿಯ ತೊಂದರೆಯೇ ಬೇರೆ. ಅದು ಕಿರಿದು, ಒಂದು ಕಡೆ ಬೇಲಿ, ಇನ್ನೊಂದು ಕಡೆ ಹೂವಿನ ಪಾತಿ. ಎರಡಾಳು ಅಗಲದ ಜಾಗದಲ್ಲಿ ನೀವು, ನಾಯಿ, ನಾಯಿಯವರ ಫೋನು. ಹಗ್ಗ ಹಿಡಿದಿದ್ದರೂ ಅದು ಗಾಳಿಪಟದ ದಾರದ ಹಾಗೆ ಉದ್ದಕ್ಕೆ ಬಿಚ್ಚಿಕೊಳ್ಳುವ ಜಾತಿಯದಾದರೆ ಹಿಡಿದೂ ಪ್ರಯೋಜನವಿಲ್ಲ. ನಾಯಿಗಾದರೂ ಎದುರಿಗೆ ನೇರವಾಗಿ, ಕಣ್ಣಲ್ಲಿ ಕಣ್ಣಿಟ್ಟು ಬೀಸುಗಾಲಲ್ಲಿ ಬರುವ ಮನುಷ್ಯ ಒಳ್ಳೆಯ ಉದ್ದೇಶದವನಾಗಿ ಕಾಣುವುದಿಲ್ಲ. ಹಗ್ಗ ಬಿಗಿಯಾದಷ್ಟೂ ಅದಕ್ಕೆ ತಪ್ಪಿಸಿಕೊಳ್ಳಲು ಜಾಗವಿಲ್ಲ ಅನ್ನಿಸುತ್ತದೆ.

ಆದ್ದರಿಂದ ನೇರ ಹೋಗಿ ಎದುರಾಗಬೇಡಿ, ಸ್ವಲ್ಪ ದೂರದಿಂದಲೇ ಬಿಲ್ಲಿನ ಹಾಗೆ ಬಳಸಿಕೊಂಡು ಹೋಗಿ. ಓಡುತ್ತಿದ್ದರೆ ನಡಿಗೆಗೆ ಇಳಿಯಿರಿ. ಹಿಂದಿನಿಂದ ಬರುವಾಗ ಇಯರ್‌ಫೋನ್ ತೆಗೆದು ‘ಸ್ವಾಮಿ, ಸ್ವಲ್ಪ ದಾರಿ’ ಅನ್ನಿ, ನಾಯಿಗೂ ಕೇಳಿಸುತ್ತದೆ. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಅನ್ನುವ ಗಾದೆಯನ್ನು ನಾನು ಎಂದೋ ಕೈಬಿಟ್ಟೆ. ಬೊಗಳುವ ನಾಯಿ ‘ಹತ್ತಿರ ಬರಬೇಡ’ ಅನ್ನುತ್ತಿದೆ, ಬಂದರೆ ಕಚ್ಚುತ್ತದೆ. ಹೆಚ್ಚು ಹೆದರಬೇಕಾದದ್ದು ಬೊಗಳದೆ ಮೈ ಮರಗಟ್ಟಿಸಿ, ಬಾಯಿ ಮುಚ್ಚಿ, ಕಣ್ಣಿನ ಬಿಳಿ ತೋರಿಸುತ್ತ ನಿಂತದ್ದಕ್ಕೆ. ಬಾಲ ಆಡುತ್ತಿದ್ದರೂ ಮೋಸ ಹೋಗಬೇಡಿ. ಸೊಂಟದ ಸಮೇತ ಸಡಿಲವಾಗಿ ಆಡುವ ಬಾಲ ಬೇರೆ, ಮೇಲೆ ನೆಟ್ಟಗೆ ನಿಂತು ತುದಿ ಮಾತ್ರ ಪಟಪಟ ಅನ್ನುವ ಬಾಲ ಬೇರೆ.

ಬೀದಿನಾಯಿ ಮೇಲೆ ಬಂದರೆ ಓಡಬೇಡಿ. ನಿಲ್ಲಿ, ಪಕ್ಕಕ್ಕೆ ತಿರುಗಿ, ಕೈ ಮೈಗೆ ಅಂಟಿಸಿಕೊಳ್ಳಿ, ಹಿಂದೆ ಹಿಂದೆ ಹೆಜ್ಜೆ ಇಡಿ. ಕೊಡೆಯೋ ಚೀಲವೋ ಇದ್ದರೆ ಕಾಲಿಗೂ ನಾಯಿಗೂ ನಡುವೆ ಹಿಡಿಯಿರಿ. ಕಾರ್ತಿಕ ಮಾಸದ ನಾಯಿ ಅನ್ನುವ ಬೈಗುಳ ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಅಲ್ಲಿಂದ ಎರಡು ತಿಂಗಳು ಎಣಿಸಿದರೆ ಚಳಿಗಾಲದಲ್ಲಿ ಪೊದೆಪೊದೆಗೂ ಮರಿ. ಆಗ ತಾಯಿ ನಾಯಿ ಯಾವ ಗುರುತಿನವರನ್ನೂ ಲೆಕ್ಕಕ್ಕಿಡುವುದಿಲ್ಲ. ಬಳಸಿಕೊಂಡು ಹೋಗಿ. ಅನ್ನ ಹಾಕುವವರ ಜೊತೆ ಜಗಳಕ್ಕೆ ನಿಲ್ಲುವ ಬದಲು ಒಂದು ಮಾತು ನೆನಪಿಸಿ: 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳೇ ಹೇಳುವ ಪ್ರಕಾರ ಅನ್ನ ಹಾಕುವ ಜಾಗ ಮಕ್ಕಳ ಆಟದ ಜಾಗದಿಂದ, ಜನ ಹೋಗಿಬರುವ ಬಾಗಿಲಿನಿಂದ ದೂರ ಇರಬೇಕು. ನಮ್ಮ ಪಾರ್ಕಿನಲ್ಲಿ ಗೇಟಿನ ಪಕ್ಕ ಇದ್ದ ತಟ್ಟೆಗಳನ್ನು ಪಂಪ್‌ಹೌಸಿನ ಹಿಂದಕ್ಕೆ ಸರಿಸಿದ್ದಕ್ಕೇ ಬೆಳಗಿನ ಗಲಾಟೆ ಅರ್ಧ ಇಳಿಯಿತು.

ನಿಮ್ಮನ್ನು ಕಚ್ಚಿದ್ದು ಸಾಕುನಾಯಿ. ನಾಯಿಯಿಂದ ಇನ್ನೊಬ್ಬರಿಗೆ ಅಪಾಯವಾಗದ ಹಾಗೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ನಾನಾಗಿದ್ದರೆ ಮೊದಲೇ ಠಾಣೆಗೆ ಹೋಗುತ್ತಿರಲಿಲ್ಲ. ಇಂಜೆಕ್ಷನ್ನಿನ ಖರ್ಚು, ಕಾರ್ಡಿನ ಫೋಟೊ, ಅವರ ಫೋನ್ ನಂಬರು ಕೇಳುತ್ತಿದ್ದೆ. ಕೊಡದಿದ್ದರೆ ಆಗ ಠಾಣೆ. ನಂಬರು ಯಾಕೆಂದರೆ ಹತ್ತನೇ ದಿನ ನೀವು ಫೋನ್ ಮಾಡಬೇಕು, ‘ಚೆನ್ನಾಗಿದೆ ಸರ್’ ಅಂದರೆ ಸಾಲದು, ವಿಡಿಯೊ ಕರೆಯಲ್ಲಿ ನಾಯಿಯನ್ನೇ ತೋರಿಸಿ ಅನ್ನಬೇಕು. ಕಳೆದ ವಾರ ಅಂದಿದ್ದೀರಿ, ಲೆಕ್ಕ ಹಾಕಿ ನೋಡಿ: ಆ ಹತ್ತನೇ ದಿನ ನಾಳೆಯೋ ನಾಡಿದ್ದೋ ಇರಬೇಕು.