ಗಾಡಿ ಹೀಟಾಗಿದ್ದು ಎಲ್ಲಿ, ಏರಿನಲ್ಲೋ ಬಯಲಲ್ಲೋ?

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ, ಕ್ಯಾಬಿನ್ ಮುಂದಕ್ಕೆ ಬಾಗಿಸಿ ನಿಂತ ಲಾರಿಯೊಂದಾದರೂ ಕಣ್ಣಿಗೆ ಬೀಳುತ್ತದೆ. ಏನಾಯ್ತು ಅಂತ ಕೇಳಿದರೆ ಸಿಗುವ ಉತ್ತರ, "ಗಾಡಿ ಹೀಟಾಗಿದೆ."

ಆಗದೆ ಇರುತ್ತಾ? ಒಂದು ಸಣ್ಣ ಲೆಕ್ಕ ಹಾಕೋಣ. 25 ಟನ್ ತೂಕವನ್ನು 800 ಮೀಟರ್ ಮೇಲಕ್ಕೆ ಎತ್ತಲು ಸುಮಾರು 14 ಲೀಟರ್ ಡೀಸೆಲ್ ಉರಿಯಬೇಕು. ಅದರ ಶಕ್ತಿಯಲ್ಲಿ ಲಾರಿಯನ್ನು ಮೇಲೆತ್ತುವುದು ಸುಮಾರು ಶೇ. 40 ಮಾತ್ರ. ಮಿಕ್ಕಿದ್ದೆಲ್ಲ ಬಿಸಿ. ಒಂದು ಪಾಲು ಹೊಗೆಯ ಜೊತೆ ಸೈಲೆನ್ಸರ್‌ನಿಂದ ಆಚೆ ಹೋಗುತ್ತದೆ. ಇನ್ನೊಂದು ಪಾಲನ್ನು ನೀರು ಹೊತ್ತು ತಂದು ರೇಡಿಯೇಟರ್‌ನಲ್ಲಿ ಗಾಳಿಗೆ ಒಪ್ಪಿಸಬೇಕು.

ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಕೇಳಬೇಕಾದ ಪ್ರಶ್ನೆ: ಹೀಟ್ ಮೀಟರಿನ ಮುಳ್ಳು ಏರಿದ್ದು ಎಲ್ಲಿ? ಬಯಲು ರಸ್ತೆಯಲ್ಲಿ 60ರ ವೇಗದಲ್ಲಿ ಓಡುವಾಗ ಗಾಳಿ ತಾನಾಗೇ ನುಗ್ಗುತ್ತದೆ. ಅಲ್ಲೂ ಹೀಟಾದರೆ ನೀರಿನ ಓಟದ ಮೇಲೆ ಅನುಮಾನ ಪಡಬೇಕು. ಬೋರ್‌ವೆಲ್ ನೀರು ಸುರಿದು ಸುರಿದು ರೇಡಿಯೇಟರ್ ಒಳಗೆ ಬಿಳಿ ಸುಣ್ಣ ಕಟ್ಟಿರಬಹುದು, ಪಂಪು ಸೋತಿರಬಹುದು.

ಏರಿನಲ್ಲಿ ಮಾತ್ರ ಹೀಟಾದರೆ ಕಥೆ ಬೇರೆ. ಲೋ ಗೇರಲ್ಲಿ ತೆವಳುವ ಲಾರಿಗೆ ಎದುರುಗಾಳಿ ಎಲ್ಲಿಂದ ಬರಬೇಕು? ಭಾರವೆಲ್ಲ ಫ್ಯಾನಿನ ಮೇಲೆ. ಎಷ್ಟೋ ಲಾರಿಗಳಲ್ಲಿ ಫ್ಯಾನಿಗೂ ಎಂಜಿನ್ನಿಗೂ ನಡುವೆ ಒಂದು ಕ್ಲಚ್ ಇರುತ್ತದೆ, ಒಳಗೆ ಜೇನಿನಂಥ ಮಂದ ಸಿಲಿಕೋನ್ ಎಣ್ಣೆ. ಮುಂಭಾಗದ ಲೋಹದ ಸುರುಳಿಗೆ ರೇಡಿಯೇಟರ್‌ನ ಬಿಸಿಗಾಳಿ ತಾಕಿದರೆ ಅದು ತಿರುಚಿಕೊಂಡು ಎಣ್ಣೆಗೆ ದಾರಿ ಬಿಡುತ್ತದೆ. ಆಗ ಫ್ಯಾನು ಹಿಡಿತಕ್ಕೆ ಬಂದು ಜೋರಾಗಿ ಸುತ್ತುತ್ತದೆ. ಎಂಜಿನ್ ಬಿಸಿಯಿರುವಾಗಲೇ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಂಡು, ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿ. ಬಿಗಿಯಾಗಿರಬೇಕು. ಸುಮ್ನೆ ಗಿರಗಿರ ಸುತ್ತಿದರೆ ಎಣ್ಣೆ ಸೋರಿಹೋಗಿದೆ ಅಂತಲೇ ಲೆಕ್ಕ. ಧೂಳು ಮೆತ್ತಿದ ಜಿಡ್ಡಿನ ಗೆರೆಯೂ ಅಲ್ಲೇ ಕಾಣುತ್ತದೆ.

ಹೀಟಾಯ್ತು ಅಂದ ಕೂಡಲೇ ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ನನಗಂತೂ ಇದು ಹಿಡಿಸದು. ಸುಮಾರು 80 ಡಿಗ್ರಿಗೆ ತೆರೆದುಕೊಂಡು ನೀರನ್ನು ರೇಡಿಯೇಟರ್‌ಗೆ ಬಿಡುವ ಈ ಬಾಗಿಲು ಇಲ್ಲದಿದ್ದರೆ ಬಯಲಲ್ಲಿ ಎಂಜಿನ್ ತಣ್ಣಗೇ ಓಡಿ ಡೀಸೆಲ್ ಕುಡಿಯುತ್ತದೆ. ಕೆಲವು ಎಂಜಿನ್‌ಗಳಲ್ಲಂತೂ ನೀರು ರೇಡಿಯೇಟರ್‌ಗೆ ಹೋಗದೆ ಅಡ್ಡದಾರಿ ಹಿಡಿದು, ಹೀಟು ಇನ್ನೂ ಏರುತ್ತದೆ.

ರೇಡಿಯೇಟರ್ ಮುಚ್ಚಳವನ್ನೂ ಮರೆಯಬೇಡಿ. ಅದು ಒಳಗೆ ಒತ್ತಡ ಹಿಡಿದಿಡುವುದರಿಂದಲೇ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ರಬ್ಬರ್ ಸವೆದಿದ್ದರೆ ಬೇಗ ಕುದಿ ಬರುತ್ತದೆ. ಬಿಸಿಯಿರುವಾಗ ಬಿಚ್ಚಿದರೆ ಒತ್ತಡ ಒಮ್ಮೆಲೇ ಇಳಿದು, ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ತಣ್ಣಗಾದ ಮೇಲೆ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಗುಳ್ಳೆ ನಿಲ್ಲದೆ ಬರುತ್ತಿದೆಯಾ? ಆಯಿಲ್ ಕಡ್ಡಿ ಎಳೆದರೆ ಹಾಲು ಬೆರೆಸಿದ ಕಾಫಿ ಬಣ್ಣವಾ? ಹಾಗಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲು, ಹೋಗಿರಬೇಕು. ನೀರು ತುಂಬಿಸಿಕೊಂಡು ಸಕಲೇಶಪುರ ಮುಟ್ಟೋಣ ಅನ್ನುವ ಆಸೆ ಬಿಟ್ಟು, ಎಳೆದೊಯ್ಯುವ ಗಾಡಿಗೆ ಫೋನ್ ಹಚ್ಚಿ.