ಆವೃತ್ತಿ ಸಂಖ್ಯೆಗಳ ಕಾವಲು

ಲಿನಕ್ಸ್ ಗಣಕದಲ್ಲಿ ನಾವು ಬಳಸುವ ತಂತ್ರಾಂಶವನ್ನು ಬರೆಯುವವರು ಒಬ್ಬರು, ಅದನ್ನು ಪ್ಯಾಕೇಜ್ ಮಾಡಿ ನಮ್ಮವರೆಗೆ ತಲುಪಿಸುವವರು ಸಾಮಾನ್ಯವಾಗಿ ಇನ್ನೊಬ್ಬರು. ಬರೆಯುವವರ ಕಡೆಗೆ ಅಪ್‌ಸ್ಟ್ರೀಮ್ ಎಂದು ಹೆಸರು. ಹೊಳೆಯ ನೀರು ಬರುವ ದಿಕ್ಕು ಎಂದರ್ಥ. ಸ್ವಯಂಸೇವಕರು ಕಟ್ಟುವ ಲಿನಕ್ಸ್ ವಿತರಣೆ ಡೆಬಿಯನ್; 2023ರ ಜೂನ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 12ರಲ್ಲಿ 64 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿದ್ದವು. ಗುಬ್ಬಿ, ನವಿಲು ಎಂಬ ನಮ್ಮ ಕನ್ನಡ ಫಾಂಟುಗಳೂ ಅವುಗಳಲ್ಲಿ ಸೇರಿದ್ದವು. ಇಷ್ಟೊಂದು ಮೂಲಗಳಲ್ಲಿ ಯಾವುದರ ಹೊಸ ಆವೃತ್ತಿ ಯಾವಾಗ ಬಂತೆಂದು ಸ್ವಯಂಸೇವಕರು ಕಣ್ಣಲ್ಲೇ ನೋಡಿಕೊಂಡಿರುವುದು ಆಗದ ಮಾತು. ಭದ್ರತೆಯ ದೋಷವೊಂದನ್ನು ಅಪ್‌ಸ್ಟ್ರೀಮಿನವರು ಸರಿಪಡಿಸಿದ ಸುದ್ದಿ ತಡವಾಗಿ ತಿಳಿದರೆ, ಆ ತಡದ ಬೆಲೆಯನ್ನು ತೆರುವವರು ಬಳಕೆದಾರರು.

ಇದಕ್ಕಾಗಿ ಡೆಬಿಯನ್ ಪ್ಯಾಕೇಜಿನೊಳಗೆ ವಾಚ್ ಎಂಬ ಪುಟ್ಟ ಕಡತವನ್ನು ಇಡುವ ರೂಢಿಯಿದೆ. ಬಿಡುಗಡೆಗಳು ಸಿಗುವ ಪುಟದ ವಿಳಾಸ, ಅಲ್ಲಿನ ಕಡತಗಳ ಹೆಸರು ಹೇಗಿರುತ್ತದೆ ಎಂಬ ನಮೂನೆ, ಇಷ್ಟು ಅದರಲ್ಲಿದ್ದರೆ ಸಾಕು. ಯುಸ್ಕ್ಯಾನ್ ಎಂಬ ಸಾಧನ ಆ ಪುಟವನ್ನು ತರಿಸಿಕೊಂಡು, ನಮೂನೆಗೆ ಹೊಂದುವ ಕೊಂಡಿಗಳನ್ನು ಆರಿಸಿ, ಅವುಗಳಿಂದ ಆವೃತ್ತಿ ಸಂಖ್ಯೆಗಳನ್ನು ಬಿಡಿಸಿಕೊಂಡು, ಎಲ್ಲಕ್ಕಿಂತ ದೊಡ್ಡದನ್ನು ಪ್ಯಾಕೇಜಿನಲ್ಲಿರುವ ಆವೃತ್ತಿಯೊಡನೆ ಹೋಲಿಸುತ್ತದೆ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ವಿತರಣೆಯಲ್ಲಿ ಅನಿತ್ಯ ಎಂಬ ವ್ಯವಸ್ಥೆ ಇದೇ ಕೆಲಸ ಮಾಡುತ್ತದೆ. ವಾಚ್ ಕಡತವಿಲ್ಲದ ಪ್ಯಾಕೇಜನ್ನು ನಾನಂತೂ ಅರ್ಧ ಮುಗಿದ ಕೆಲಸವೆಂದೇ ಎಣಿಸುತ್ತೇನೆ.

ಪುಟವನ್ನು ತರಿಸುವುದು ಸುಲಭ; ಯಾವ ಸಂಖ್ಯೆ ದೊಡ್ಡದು ಎಂದು ನಿರ್ಧರಿಸುವುದೇ ಕಷ್ಟ. ಗಣಿತದಲ್ಲಿ 1.9ಕ್ಕಿಂತ 1.10 ಚಿಕ್ಕದು, ಆದರೆ ಆವೃತ್ತಿಗಳ ಲೆಕ್ಕದಲ್ಲಿ ಅದು ದೊಡ್ಡದು, ಏಕೆಂದರೆ ಚುಕ್ಕಿಯ ಆಚೆಯ ಹತ್ತನ್ನು ಬಿಡಿಯಾಗಿ ಓದಬೇಕು. 2.0ಕ್ಕೆ ಮೊದಲು ಬರುವ ಪರೀಕ್ಷಾ ಬಿಡುಗಡೆಯ ಹೆಸರಿನಲ್ಲಿ 2.0ರ ಕೊನೆಗೆ ಆರ್‌ಸಿ1 ಎಂಬ ಬಾಲವಿದ್ದರೆ, ಉದ್ದವಾದದ್ದೇ ಹೊಸದೆಂದು ಯಂತ್ರ ಮೋಸಹೋಗುತ್ತದೆ. ಅದಕ್ಕೆ ಡೆಬಿಯನ್ ಕಂಡುಕೊಂಡ ಉಪಾಯ ಬಹಳ ಸೊಗಸಾದದ್ದು: ಟಿಲ್ಡೆ (~) ಚಿಹ್ನೆಯನ್ನು ಏನೂ ಇಲ್ಲದ ಖಾಲಿಗಿಂತಲೂ ಚಿಕ್ಕದೆಂದು ಎಣಿಸಲಾಗುತ್ತದೆ, ಹೀಗಾಗಿ 2.0~ಆರ್‌ಸಿ1 ಎಂದು ಬರೆದರೆ ಅದು 2.0ಕ್ಕಿಂತ ಹಿಂದಿನ ಜಾಗದಲ್ಲೇ ನಿಲ್ಲುತ್ತದೆ. ಮೂಲದ ಹೆಸರನ್ನು ಹೀಗೆ ತಿದ್ದಿ ಓದುವ ನಿಯಮವನ್ನೂ ವಾಚ್ ಕಡತದಲ್ಲಿ ಬರೆದಿಡಬಹುದು. ತಾರೀಖನ್ನೇ ಸಂಖ್ಯೆಯಾಗಿ ಬಳಸುತ್ತಿದ್ದವರು, 20230101ರ ನಂತರ 1.0 ಎಂದು ಬಿಡುಗಡೆ ಮಾಡಿದರೆ ಆಗ ಬೇಕಾಗುವುದು ಎಪಾಕ್, ಅಂದರೆ ಹೊಸದನ್ನೇ ದೊಡ್ಡದೆಂದು ಎಣಿಸುವಂತೆ ಇಡೀ ಸಂಖ್ಯೆಯ ಆರಂಭದಲ್ಲಿ ಸೇರಿಸುವ ಇನ್ನೊಂದು ಅಂಕಿ. ಒಮ್ಮೆ ಅಂಟಿಸಿದ ಎಪಾಕನ್ನು ಮತ್ತೆ ತೆಗೆಯುವಂತಿಲ್ಲವಾದ್ದರಿಂದ ನಿರ್ವಾಹಕರು ಅದನ್ನು ಆದಷ್ಟು ದೂರವಿಡುತ್ತಾರೆ.

ಬಿಡುಗಡೆಯ ಜೊತೆಗಿರುವ ಡಿಜಿಟಲ್ ಸಹಿಯನ್ನೂ ಯುಸ್ಕ್ಯಾನ್ ಪರಿಶೀಲಿಸಬಲ್ಲದು. ಆದರೆ ಸಹಿ ಹೇಳುವುದು ಕಡತವನ್ನು ಕಳಿಸಿದವರು ಯಾರೆಂದು, ಅದರೊಳಗೆ ಏನಿದೆ ಎಂದಲ್ಲ. 2024ರಲ್ಲಿ ಎಕ್ಸ್‌ಜ಼ಡ್ ಎಂಬ ಸಂಕೋಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳು ಬಂದಾಗ ಸಂಖ್ಯೆ ಸರಿಯಾಗಿತ್ತು, ಸಹಿಯೂ ಸರಿಯಾಗಿತ್ತು. ಸಹಿ ಹಾಕಿದ ಸಹ-ನಿರ್ವಾಹಕನೇ ಒಳಗೆ ಹಿಂಬಾಗಿಲನ್ನು, ಅಂದರೆ ಹೊರಗಿನವರು ಗುಟ್ಟಾಗಿ ಒಳನುಗ್ಗುವ ದಾರಿಯನ್ನು, ಇಟ್ಟಿದ್ದ. ಅದನ್ನು ಚಾಲೂ ಮಾಡುವ ತುಣುಕು ಬಿಡುಗಡೆಯ ಕಟ್ಟಿನಲ್ಲಿ ಮಾತ್ರವಿದ್ದು, ಮೂಲ ಸಂಕೇತವನ್ನು ಎಲ್ಲರೂ ಓದಬಹುದಾದ ಗಿಟ್ ಭಂಡಾರದಲ್ಲಿ ಇರಲಿಲ್ಲ. ಹೊಸ ಆವೃತ್ತಿಗಳು ಮೊದಲು ಬರುವ ಡೆಬಿಯನ್ನಿನ ಅಸ್ಥಿರ ಶಾಖೆಯನ್ನು ಬಳಸುತ್ತಿದ್ದ ತಂತ್ರಾಂಶ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್, ದೂರದ ಗಣಕಕ್ಕೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್‌ಗೆ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂದು ಬೆನ್ನುಹತ್ತಿ ಹೋಗಿ ಮಾರ್ಚ್ 29ರಂದು ವಿಷಯವನ್ನು ಬಯಲಿಗೆ ತಂದರು.

ಹಳೆಯ 5.4.5ಕ್ಕೆ ಹಿಂತಿರುಗಬೇಕಿತ್ತು, ಆದರೆ ಬಳಕೆದಾರರ ಗಣಕಗಳು ತಾವಾಗಿ ಕೆಳಗಿನ ಸಂಖ್ಯೆಗೆ ಇಳಿಯುವುದಿಲ್ಲ. ಎಪಾಕ್ ಹಾಕಿದ್ದರೆ ಅದು ಶಾಶ್ವತವಾಗಿ ಉಳಿದುಬಿಡುತ್ತಿತ್ತು. ಆದ್ದರಿಂದ ಡೆಬಿಯನ್ 5.6.1+ರಿಯಲಿ5.4.5 ಎಂಬ ಆವೃತ್ತಿಯನ್ನು ಹೊರತಂದಿತು: ಯಂತ್ರಕ್ಕೆ ಅದು 5.6.1ಕ್ಕಿಂತ ಹೊಸದು, ಓದುವ ಮನುಷ್ಯರಿಗೆ ಒಳಗಿರುವುದು ನಿಜವಾಗಿ 5.4.5 ಎಂಬ ಸೂಚನೆ. ಮೇ 29ರಂದು ಎಕ್ಸ್‌ಜ಼ಡ್‌ನ ಮೂಲ ಲೇಖಕರು ಹಿಂಬಾಗಿಲನ್ನು ಕಿತ್ತುಹಾಕಿ 5.6.2 ಬಿಡುಗಡೆ ಮಾಡಿದಾಗ, ಆ ಸಂಖ್ಯೆ ಈ ವಿಚಿತ್ರ ಹೆಸರಿಗಿಂತಲೂ ದೊಡ್ಡದಾಗಿಯೇ ನಿಲ್ಲುವಂತಿತ್ತು.